ಸೊಪ್ಪಿನ ಬೆಟ್ಟದಲ್ಲಿ ಬ್ಯಾಟರಿ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಸುತ್ತಲಿನ ಗುಡ್ಡ, ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟ), ಬ್ಯಾಣ (ಹುಲ್ಲುಗಾವಲು), ತೋಟದ ದಾರಿಗಳಲ್ಲಿ ನಾನು ಬ್ಯಾಟರಿ ಸೈಕಲ್ ತುಳಿಯಲು ಶುರು ಮಾಡಿ ನಾಲ್ಕು ವರ್ಷವಾಯಿತು. ವಯಸ್ಸು 52, ಎಡ ಮಂಡಿ ಸವೆದಿದೆ, ಯಾರನ್ನೂ ಹಿಂದಿಕ್ಕುವ ಹಂಬಲವಿಲ್ಲ. ಸೈಕಲ್ಲನ್ನು ಎಲ್ಲಿ ನಿಲ್ಲಿಸಿದರೂ ಯಾರಾದರೊಬ್ಬರು ಬಂದು ಹ್ಯಾಂಡಲ್ ಹಿಡಿದು ನೋಡುತ್ತಾರೆ, ಹಿಂದಿನ ಟೈರು ಒತ್ತಿ ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಚಹಾ ಆರುವುದರೊಳಗೆ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದು ಸೈಕಲ್ಲೋ, ಬೈಕೋ?

ಸೈಕಲ್ಲೇ. ಪೆಡಲ್ ತುಳಿದಾಗ ಮೋಟಾರ್ ಕೈಜೋಡಿಸುತ್ತದೆ, ಕಾಲು ನಿಂತರೆ ಅದೂ ನಿಲ್ಲುತ್ತದೆ. ಗಂಟೆಗೆ 25 ಕಿಲೋಮೀಟರ್ ಮುಟ್ಟಿದ ಮೇಲೆ ಮೋಟಾರ್ ಸುಮ್ಮನಾಗುತ್ತದೆ. ಅದಕ್ಕಿಂತ ವೇಗ ಬೇಕಾದರೆ ತೊಡೆಯೇ ದುಡಿಯಬೇಕು. ಗುಡ್ಡಕ್ಕೆ ಒಗ್ಗುವ ಸೈಕಲ್ ಎನ್ನಲು ಉಬ್ಬುಗಳಿರುವ ದಪ್ಪನೆಯ ಟೈರು, ಮುಂದಿನ ಗಾಲಿಗೆ ಶಾಕ್ ಅಬ್ಸಾರ್ಬರ್, ಎರಡೂ ಕಡೆ ಡಿಸ್ಕ್ ಬ್ರೇಕ್ ಮತ್ತು ಏರಿಗೆ ಹಗುರಾದ ಗೇರು ಇರಬೇಕು. ಪೇಟೆಯಲ್ಲಿ ತರಕಾರಿ ತರಲು ಮಾಡಿದ ಬ್ಯಾಟರಿ ಸೈಕಲ್ ನೋಡಲು ಹೀಗೆಯೇ ಇದ್ದರೂ ಮೊದಲ ಕೊರಕಲಿನಲ್ಲೇ ತನ್ನ ಹಣೆಬರಹ ಹೇಳಿಬಿಡುತ್ತದೆ.

ಸೋಂದಾ ದಾರಿಯಲ್ಲಿ ಸೊಪ್ಪಿನ ಹೊರೆ ಇಳಿಸಿ ಕುಳಿತಿದ್ದ ಅಜ್ಜಿಯೊಬ್ಬರು, ‘ಇದಕ್ಕೆ ಪೆಟ್ರೋಲ್ ಎಲ್ಲಿ ಹಾಕುತ್ತೀಯೋ ತಮ್ಮಾ?’ ಎಂದು ಕೇಳಿದರು. ಬ್ಯಾಟರಿ ತೋರಿಸಿದೆ. ‘ಮತ್ತೆ ನೀನೇಕೆ ಇಷ್ಟು ಬೆವರಿದ್ದೀಯ?’ ಎಂದರು.

ಮೋಟಾರ್ ಇದ್ದ ಮೇಲೆ ವ್ಯಾಯಾಮ ಎಲ್ಲಿ ಬಂತು? ಇದು ಮೋಸವಲ್ಲವೇ?

ಯಾರಿಗೆ ಮೋಸ ಎಂದು ನಾನು ತಿರುಗಿ ಕೇಳುತ್ತೇನೆ. ಪಂದ್ಯ ಕಟ್ಟಿದ್ದರೆ ಹೌದು, ಮೋಸ. ಪಂದ್ಯದವರು ಕೂಡ ಇದನ್ನು ಬೇರೆ ವಿಭಾಗ ಮಾಡಿ ಒಪ್ಪಿಕೊಂಡಾಗಿದೆ: 2019ರಲ್ಲಿ ಕೆನಡಾದ ಮಾಂಟ್ ಸೇಂಟ್ ಆ್ಯನ್‌ನಲ್ಲಿ ಎಲೆಕ್ಟ್ರಿಕ್ ಮೌಂಟನ್ ಬೈಕಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದೇ ವರ್ಷ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 33 ಮಂದಿ ಪಳಗಿದ ಸವಾರರನ್ನು ಒಂದೇ ದಾರಿಯಲ್ಲಿ ಒಮ್ಮೆ ಸಾದಾ ಸೈಕಲ್, ಇನ್ನೊಮ್ಮೆ ಮೋಟಾರಿನ ಸೈಕಲ್ ಮೇಲೆ ಕಳುಹಿಸಿ ಎದೆಬಡಿತ ಅಳೆದರು. ಮೋಟಾರಿನ ಮೇಲಿದ್ದಾಗ ಸರಾಸರಿ ಬಡಿತ ಸಾದಾ ಸೈಕಲ್ಲಿನದರ ಶೇ 94ರಷ್ಟು ಇತ್ತು. ಸವಾರರಿಗೆ ಮಾತ್ರ ತಾವು ಅಷ್ಟು ದುಡಿದೆವು ಎಂದು ಅನ್ನಿಸಿರಲೇ ಇಲ್ಲ.

ನನ್ನ ಅನುಭವವೂ ಅದೇ. ಮೋಟಾರ್ ಕಡಿಮೆ ಮಾಡುವುದು ಉಬ್ಬಸವನ್ನು. ಬೆವರನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಆದರೆ ಅತಿ ಜೋರಿನ ಮಟ್ಟಕ್ಕೆ ಇಟ್ಟು ಸುಮ್ಮನೆ ಕಾಲಾಡಿಸುತ್ತಿದ್ದರೆ ನೀವು ಹೇಳಿದ್ದೇ ಸರಿ, ವ್ಯಾಯಾಮ ಬಾರದು.

ಸಾದಾ ಗೇರ್ ಸೈಕಲ್ ಸಾಲದೇ? ಬೆಲೆಯೂ ಕಡಿಮೆ, ತೂಕವೂ ಕಡಿಮೆ.

ಮೂವತ್ತರ ಒಳಗಿನವರಿಗೆ, ಮಂಡಿ ನೆಟ್ಟಗಿರುವವರಿಗೆ ಧಾರಾಳವಾಗಿ ಸಾಕು. ನನಗೆ ಸಾಲಲಿಲ್ಲ, ಏಕೆ ಎಂದು ಹೇಳುತ್ತೇನೆ.

ನಮ್ಮದು ಗುಡ್ಡ ಹತ್ತಿ ತೋಟಕ್ಕೆ ಇಳಿಯುವ, ತೋಟದಿಂದ ಮತ್ತೆ ಗುಡ್ಡ ಹತ್ತುವ ಊರು. ಅಡಿಕೆ ತೋಟಗಳೆಲ್ಲ ಕಣಿವೆಯ ತಳದಲ್ಲಿವೆ, ದಾರಿಗಳೆಲ್ಲ ನೆತ್ತಿಯಲ್ಲಿವೆ. ಸಾದಾ ಸೈಕಲ್ ಇದ್ದಾಗ ಒಂದು ಕವಲು ಕಂಡರೆ ತಲೆಯಲ್ಲಿ ಲೆಕ್ಕ ಶುರುವಾಗುತ್ತಿತ್ತು: ಇದು ಕೆಳಗೆ ಇಳಿಯುತ್ತದೆ, ಇಳಿದರೆ ಹತ್ತಬೇಕು, ಹತ್ತಿದರೆ ನಾಳೆ ಮಂಡಿ ನೋವು, ಬೇಡ. ಹೀಗೆ ‘ಬೇಡ’ ಎಂದು ಬಿಟ್ಟ ದಾರಿಗಳೇ ನನ್ನ ತಾಲ್ಲೂಕಿನಲ್ಲಿ ಹೆಚ್ಚಾಗಿದ್ದವು. ಬ್ಯಾಟರಿ ಬಂದ ಮೇಲೆ ಆ ಲೆಕ್ಕ ನಿಂತಿತು. ಕವಲು ಕಂಡರೆ ಇಳಿಯುತ್ತೇನೆ. ಕೊನೆಯಲ್ಲಿ ಒಂದು ಹಳ್ಳ, ಅದರ ಮೇಲೆ ಎರಡು ಅಡಿಕೆ ದಬ್ಬೆಯ ಸಂಕ, ಆಚೆ ಯಾರದೋ ಮನೆಯ ಹಿತ್ತಿಲು. ಅಷ್ಟೇ ಇರುತ್ತದೆ. ತಿರುಗಿಸಿಕೊಂಡು ಬರುತ್ತೇನೆ. ಹುಟ್ಟಿದಾಗಿನಿಂದ ಇದ್ದ ಊರಿನಲ್ಲಿ, ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ ಒಂದು ಕೆರೆ ಇದೆಯೆಂದು ನನಗೆ ಗೊತ್ತಾದದ್ದು 49ನೆಯ ವಯಸ್ಸಿನಲ್ಲಿ. ಈ ಸೈಕಲ್ಲಿಗೆ ಕೊಟ್ಟ ದುಡ್ಡು ವಸೂಲಾದದ್ದು ಅಲ್ಲಿಯೇ ಎಂದು ನಾನು ಬರೆದುಕೊಂಡಿದ್ದೇನೆ. ವೇಗದ ಮಾತು ನಮ್ಮ ಮನೆಯಲ್ಲಿ ಎತ್ತುವುದು ನನ್ನ ಮಗ ಮಾತ್ರ.

ಲೈಸೆನ್ಸ್, ನೋಂದಣಿ, ವಿಮೆ ಬೇಕೇ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ 25 ಕಿಲೋಮೀಟರ್ ಮುಟ್ಟುವುದರೊಳಗೆ ಅಥವಾ ತುಳಿಯುವುದು ನಿಂತೊಡನೆ ಮೋಟಾರ್ ಕಡಿತವಾಗುವಂತಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಮಾದರಿಯನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಕೊಳ್ಳುವಾಗ ಆ ಪತ್ರ ಕೇಳಿ. ಇಷ್ಟಿದ್ದರೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ.

ಇಲ್ಲೊಂದು ಕಿವಿಮಾತು. ‘ವೈರ್ ಒಂದು ಬಿಚ್ಚಿದರೆ 40 ಹೋಗುತ್ತದೆ ಸರ್’ ಎನ್ನುವ ಅಂಗಡಿಯವರು ಎಲ್ಲ ಊರಿನಲ್ಲೂ ಇದ್ದಾರೆ. ಬಿಚ್ಚಿದ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿತೆಂದರೆ ಆ ನಲವತ್ತರ ಬೆಲೆ ತಿಳಿಯುತ್ತದೆ.

ಯಾವುದನ್ನು ಕೊಳ್ಳಲಿ?

ಕಂಪನಿಯ ಹೆಸರು ಹೇಳುವುದಿಲ್ಲ, ನೋಡಬೇಕಾದ್ದನ್ನು ಹೇಳುತ್ತೇನೆ.

ಮೊದಲು ಮೋಟಾರ್ ಎಲ್ಲಿದೆ ನೋಡಿ. ನಮ್ಮಲ್ಲಿ ಮೂವತ್ತರಿಂದ ಅರವತ್ತು ಸಾವಿರ ರೂಪಾಯಿಗೆ ಸಿಗುವ ಬಹುತೇಕ ಸೈಕಲ್‌ಗಳಲ್ಲಿ ಅದು ಹಿಂದಿನ ಗಾಲಿಯ ಗುಂಬದೊಳಗೆ (ಹಬ್) ಇರುತ್ತದೆ. ಸರಳ, ಗಟ್ಟಿ, ರಿಪೇರಿ ಸುಲಭ. ಆದರೆ ಗೇರಿಗೂ ಅದಕ್ಕೂ ಸಂಬಂಧವಿಲ್ಲ. ಕಡಿದಾದ ಏರಿನಲ್ಲಿ ಸೈಕಲ್ ಆಮೆಯಂತೆ ನಡೆಯುವಾಗ ಮೋಟಾರೂ ಆಮೆಯಂತೆಯೇ ತಿರುಗಬೇಕು. ಆಗ ಕರೆಂಟು ಹೆಚ್ಚು ಎಳೆಯುತ್ತದೆ, ಬಿಸಿಯೇರುತ್ತದೆ, ಮುಂದೆ ಹೋಗುವುದು ಕಡಿಮೆ. ವಿದೇಶಿ ಸೈಕಲ್‌ಗಳಲ್ಲಿ ಮೋಟಾರ್ ಪೆಡಲ್ ಅಚ್ಚಿನ ಹತ್ತಿರ ಇರುತ್ತದೆ, ಅದರ ಬಲ ಸರಪಳಿಯ ಮೂಲಕ ಹಾದು ಹೋಗುತ್ತದೆ. ಹಗುರ ಗೇರು ಹಾಕಿದರೆ ಕಾಲಿಗೆ ಆಗುವ ಲಾಭವೇ ಮೋಟಾರಿಗೂ ಆಗುತ್ತದೆ. ಬಾಷ್, ಶಿಮಾನೊ ಕಂಪನಿಗಳ ಮೋಟಾರ್‌ಗಳು ಈ ಜಾತಿಯವು. ಶಿಮಾನೊ ಇಪಿ8 ಎಂಬುದು 2.6 ಕಿಲೋ ತೂಗಿ 85 ನ್ಯೂಟನ್ ಮೀಟರ್ ತಿರುಚು ಬಲ ಕೊಡುತ್ತದೆ. ಬೆಲೆ ಲಕ್ಷಗಳಲ್ಲಿ. ಎತ್ತಿನ ಜೋಡಿ ಕೊಳ್ಳುವ ದುಡ್ಡು ಎಂದು ಅಪ್ಪ ಹೇಳುತ್ತಿದ್ದ ಹೋಲಿಕೆ ಇಲ್ಲಿ ಸಾಲುವುದಿಲ್ಲ.

ಗುಂಬದ ಮೋಟಾರಿನಲ್ಲೇ ನಾನು ನಾಲ್ಕು ವರ್ಷ ಕಳೆದಿದ್ದೇನೆ, ಬೇಸರವಿಲ್ಲ. ಏರಿನಲ್ಲಿ ಅದನ್ನು ಪೂರ್ತಿ ನಂಬಬಾರದು, ಕಾಲೂ ಕೊಡಬೇಕು, ಅಷ್ಟೇ.

ಎರಡನೆಯದು, ಮೋಟಾರಿಗಿಂತಲೂ ಮುಖ್ಯವೆಂದು ನಾನು ತಡವಾಗಿ ಕಲಿತದ್ದು: ಸೆನ್ಸರ್. ಅಗ್ಗದ ಸೈಕಲ್‌ಗಳಲ್ಲಿ ಪೆಡಲ್ ತಿರುಗಿತೋ ಇಲ್ಲವೋ ಎಂಬುದನ್ನಷ್ಟೇ ನೋಡುವ ಸೆನ್ಸರ್ ಇರುತ್ತದೆ. ತಿರುಗಿತೆಂದರೆ ತುಸು ತಡವಾಗಿ, ಆದರೆ ಇದ್ದಷ್ಟೂ ಬಲದಿಂದ ತಳ್ಳುತ್ತದೆ. ಟಾರ್ಕ್ ಸೆನ್ಸರ್ ಇದ್ದರೆ ನೀವು ಎಷ್ಟು ಒತ್ತಿ ತುಳಿದಿರೋ ಅದಕ್ಕೆ ತಕ್ಕಷ್ಟೇ ಸಹಾಯ. ಟಾರು ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಾಲುದಾರಿಯಲ್ಲಿ ಗೊತ್ತಾಗುತ್ತದೆ. ಮೊದಲ ತಿಂಗಳು ಒಂದು ತೋಟದ ಉಣಗೋಲಿನ (ಅಡ್ಡ ಗಳುಗಳ ಬಾಗಿಲು) ಮುಂದೆ ನಿಂತಿದ್ದೆ. ಇಳಿಯುವ ಮುನ್ನ ಕಾಲು ಅನುಕೂಲಕ್ಕೆ ಬರಲೆಂದು ಪೆಡಲ್ ಅನ್ನು ಅರ್ಧ ಸುತ್ತು ತಿರುಗಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಸೈಕಲ್ ಗೂಳಿಯಂತೆ ನುಗ್ಗಿ ಮೇಲಿನ ಎರಡು ಬಿದಿರ ಗಳುಗಳನ್ನು ಲಟಕ್ಕನೆ ಮುರಿಯಿತು. ತೋಟದವರು ಬೈಯಲಿಲ್ಲ, ಕತ್ತಿ ಕೊಟ್ಟು ಬಿದಿರು ಹಿಂಡಿಲಿನ ದಾರಿ ತೋರಿಸಿದರು. ಅರ್ಧ ದಿನ ಅಲ್ಲಿಯೇ ಹೋಯಿತು. ಈಗ ಇಕ್ಕಟ್ಟಿನ ಜಾಗ ಬಂದರೆ ಬ್ರೇಕ್ ಹಿಡಿಕೆಯ ಮೇಲೆ ಎರಡು ಬೆರಳು ಇದ್ದೇ ಇರುತ್ತವೆ. ಹಿಡಿಕೆ ಒತ್ತಿದೊಡನೆ ಮೋಟಾರ್ ಕಡಿತವಾಗುವ ಏರ್ಪಾಡು ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

ಮೂರನೆಯದು ತೂಕ. ಸಾದಾ ಗುಡ್ಡದ ಸೈಕಲ್ 14 ಕಿಲೋ ಇದ್ದರೆ ಇದು 22ರಿಂದ 26. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ. ಮರ ಬಿದ್ದ ದಾರಿಯಲ್ಲಿ ಅದನ್ನು ಎತ್ತಬೇಕಾದವರು ನೀವೇ.

ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತದೆ?

ಡಬ್ಬದ ಮೇಲೆ ಬರೆದದ್ದು ಬಯಲುಸೀಮೆಯ ಲೆಕ್ಕ. ಗುಡ್ಡದಲ್ಲಿ ಕಿಲೋಮೀಟರ್ ಲೆಕ್ಕ ಸುಳ್ಳಾಗುತ್ತದೆ, ಎಷ್ಟು ಮೀಟರ್ ಏರಿದಿರಿ ಎಂಬುದೇ ನಿಜ. ನಾನು 70 ಕಿಲೋ, ಸೈಕಲ್ 24, ಚೀಲ-ನೀರು 6. ಒಟ್ಟು 100 ಕಿಲೋ ಎಂದುಕೊಳ್ಳಿ. ಇಷ್ಟನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 27 ವ್ಯಾಟ್ ಅವರ್ ಕೆಲಸ ಬೇಕು. ಅರ್ಧ ನೀವು, ಅರ್ಧ ಮೋಟಾರ್ ಎಂದು ಹಂಚಿಕೊಂಡರೂ ಬಿಸಿಯಾಗಿ ಸೋರಿಹೋಗುವುದನ್ನು ಸೇರಿಸಿದರೆ ಬ್ಯಾಟರಿಯಿಂದ 20ರಷ್ಟು ಹೋಗುತ್ತದೆ. ನನ್ನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ಗುಣಿಸಿದರೆ 360 ವ್ಯಾಟ್ ಅವರ್. ಹಾಳೆಯ ಮೇಲೆ 1,800 ಮೀಟರ್ ಏರಬಹುದು. ನಿಜದಲ್ಲಿ ಮೆತ್ತನೆಯ ಮಣ್ಣು, ಜಲ್ಲಿ, ಸಮತಟ್ಟಿನಲ್ಲೂ ಮೋಟಾರ್ ಆರಿಸಲು ಬೇಸರಪಡುವ ನನ್ನ ಸೋಮಾರಿತನ ಎಲ್ಲ ಸೇರಿ 30 ಕಿಲೋಮೀಟರ್ ಸುತ್ತಾಟದಲ್ಲಿ 600-700 ಮೀಟರ್ ಏರಿದರೆ ಬ್ಯಾಟರಿ ಕಡೆಯ ಗೆರೆಗೆ ಬಂದಿರುತ್ತದೆ.

ಆದ್ದರಿಂದ ನನ್ನ ಕ್ರಮ ಸರಳ: ಅರ್ಧ ಚಾರ್ಜ್ ಮುಗಿಯುವ ಮುನ್ನ ಮುಖ ಮನೆಯ ಕಡೆಗೆ. ವಾಪಸು ದಾರಿ ಏರಿದ್ದರೆ ಇನ್ನೂ ಮೊದಲು.

ಚಾರ್ಜ್ ಮಾಡಲು ಎಷ್ಟು ಖರ್ಚು? ಎಲ್ಲಿ ಮಾಡಬೇಕು?

ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕೂಡ ಬೇಡ. ಮೂರು ರೂಪಾಯಿ ಆಸುಪಾಸು. ಗೃಹಜ್ಯೋತಿಯ ಮಿತಿಯೊಳಗಿದ್ದರೆ ಅದೂ ಇಲ್ಲ. 2 ಆಂಪಿಯರ್ ಚಾರ್ಜರ್ ಆದರೆ ಐದು ತಾಸು ಹಿಡಿಯುತ್ತದೆ.

ಎಲ್ಲಿ ಎಂಬುದು ಮುಖ್ಯ. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಎಚ್ಚರ ಇರುವ ಹೊತ್ತಿನಲ್ಲಿ, ಕಂಪನಿಯೇ ಕೊಟ್ಟ ಚಾರ್ಜರ್‌ನಿಂದ. ಅಡಿಕೆ ಸಿಪ್ಪೆ ಪೇರಿಸಿದ ಅಟ್ಟದಲ್ಲಿ, ಹುಲ್ಲಿನ ಕೊಟ್ಟಿಗೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಹತ್ತಿದರೆ ಆರಿಸುವುದು ಇನ್ನೂ ಅಪರೂಪ. ಬಿದ್ದು ಜಜ್ಜಿದ, ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ.

ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತುಬಿಡಿ. ಒಂದು ಸಿಡಿಲಿಗೆ ನಮ್ಮ ಮನೆಯ ಟಿವಿ, ಪಕ್ಕದ ಮನೆಯ ಫ್ರಿಜ್, ನನ್ನ ಚಾರ್ಜರ್ ಮೂರೂ ಒಟ್ಟಿಗೆ ಹೋದವು. ಮಳೆಗಾಲಕ್ಕೆಂದು ಎರಡು ಮೂರು ತಿಂಗಳು ಎತ್ತಿಡುವುದಾದರೆ ಪೂರ್ತಿ ತುಂಬಿಸಿಡಬೇಡಿ, ಪೂರ್ತಿ ಖಾಲಿಯೂ ಬೇಡ. ಅರ್ಧ ಇಟ್ಟು ತಿಂಗಳಿಗೊಮ್ಮೆ ನೋಡಿ.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಮನೆಯ ಬಾಗಿಲಿನಿಂದ. ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಹೋಗಿ ತುಳಿದು ಬರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ಬೆಂಗಳೂರಿನವರಿಗೆ ಬೇರೆ ದಾರಿಯಿಲ್ಲ ಎಂದೂ ಗೊತ್ತು.

ಶಿರಸಿಯ ಕಡೆಯವರಾದರೆ ಮೊದಲ ಕೆಲವು ವಾರ ಪೂರ್ವಕ್ಕೆ, ಬನವಾಸಿಯ ದಿಕ್ಕಿಗೆ ಹೋಗಿ. ವರದೆಯ ಬಯಲು, ಭತ್ತದ ಗದ್ದೆ, ಕೆರೆ ಏರಿ, ಗಾಡಿದಾರಿ. ಬಿದ್ದರೂ ಮೈಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಅಷ್ಟೇ. ಕೈ ಕುದುರಿದ ಮೇಲೆ ಸೋಂದಾ ಕಡೆ ತಿರುಗಿ. ಶಾಲ್ಮಲೆಯ ಸಹಸ್ರಲಿಂಗದವರೆಗೆ ಟಾರು ರಸ್ತೆಯಿದೆ. ಅದರ ಆಚೀಚೆ ಊರಿಂದೂರಿಗೆ ಹೋಗುವ ಮಣ್ಣಿನ ದಾರಿಗಳಿವೆ, ಅವೇ ನಮಗೆ ಬೇಕಾದವು. ಶಿವರಾತ್ರಿಯ ದಿನ ಮಾತ್ರ ಅತ್ತ ಸುಳಿಯಬೇಡಿ, ಜನಜಾತ್ರೆ. ಪಶ್ಚಿಮಕ್ಕೆ, ದೇವಿಮನೆ ಘಟ್ಟದ ಅಂಚಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ.

ಬೇರೆ ಕಡೆಯವರಿಗೆ ಎರಡು ಮಾತು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನಲ್ಲಿ ಚೆಂದದ ದಾರಿಗಳೆಲ್ಲ ಕಾಫಿ ತೋಟಗಳೊಳಗೆ ಇವೆ. ಅವು ಖಾಸಗಿ, ಕೇಳಿದರೆ ಎಷ್ಟೋ ಮಾಲೀಕರು ಬಿಡುತ್ತಾರೆ, ಕೇಳದೆ ನುಗ್ಗಿದರೆ ನಾಯಿ ಬಿಡುತ್ತಾರೆ. ಅಲ್ಲಿ ಆನೆಯ ಸುದ್ದಿಯನ್ನು ಕೂಲಿಯವರಲ್ಲಿ ಕೇಳಿಯೇ ಮುಂದೆ ಹೋಗಬೇಕು. ಆನೆಗುಂದಿ, ಸಾಣಾಪುರದ ಕಡೆ ಬಂಡೆಗಳ ನಡುವಿನ ದಾರಿ ಚಳಿಗಾಲದಲ್ಲಿ ಸೊಗಸು. ಮುಸ್ಸಂಜೆ ಕರಡಿಗಳ ಹೊತ್ತು, ಅಷ್ಟರೊಳಗೆ ಊರು ಸೇರಿ.

ಕಾಡಿನೊಳಗೆ ಹೋಗಬಹುದೇ?

ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ನಮ್ಮ ಜಿಲ್ಲೆಯಲ್ಲಂತೂ ಕಾಳಿ ಹುಲಿ ರಕ್ಷಿತಾರಣ್ಯ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಬೇಡ್ತಿಯ ಸಂರಕ್ಷಿತ ಮೀಸಲು ಎಲ್ಲ ಇವೆ. ‘ಸೈಕಲ್ ತಾನೇ, ಹೊಗೆಯಿಲ್ಲ, ಸದ್ದಿಲ್ಲ’ ಎಂಬ ವಾದ ಫಾರೆಸ್ಟ್ ಗಾರ್ಡ್ ಮುಂದೆ ನಡೆಯುವುದಿಲ್ಲ, ನಡೆಯಲೂ ಬಾರದು. ಸದ್ದಿಲ್ಲದಿರುವುದೇ ಇಲ್ಲಿನ ತೊಂದರೆ. ಬೈಕಿನ ಸದ್ದಿಗೆ ಕಾಟಿ (ಕಾಡುಕೋಣ) ಮೊದಲೇ ಸರಿದು ಹೋಗುತ್ತದೆ. ಇದರ ಮೇಲೆ ಹೋದರೆ ತಿರುವಿನಲ್ಲಿ ಹತ್ತು ಮೀಟರ್ ಅಂತರದಲ್ಲಿ ಮುಖಾಮುಖಿ. ನನಗೆ ಒಮ್ಮೆ ಹಾಗಾಗಿದೆ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕೈ ನಡುಗಿತು. ಅಂದಿನಿಂದ ಮರೆ ತಿರುವಿಗೆ ಮುಂಚೆ ಗಂಟೆ ಬಾರಿಸುತ್ತೇನೆ.

ಸೊಪ್ಪಿನ ಬೆಟ್ಟದ ವಿಷಯ ಬೇರೆ. ಹೊರಗಿನವರಿಗೆ ಅದು ಕಾಡಿನಂತೆಯೇ ಕಾಣುತ್ತದೆ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಬೆಟ್ಟಗಳು ಅವು. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಅಲ್ಲಿನ ದಾರಿಗಳನ್ನು ಸವೆಸಿದ್ದು ಹೊರೆ ಹೊತ್ತ ಕಾಲುಗಳು. ನಮ್ಮ ಟೈರು ಅಲ್ಲಿಗೆ ನೆಂಟರ ಹಾಗೆ ಹೋಗಬೇಕು: ಮನೆಯವರನ್ನು ಕೇಳಿ, ಹೊಸ ದಾರಿ ಕೊರೆಯದೆ, ಎಳೆ ಗಿಡ ತುಳಿಯದೆ.

ದಾರಿಯಲ್ಲಿ ಜನ, ದನ ಎದುರು ಬಂದರೆ?

ನೀವೇ ನಿಲ್ಲಿ. ತಲೆಯ ಮೇಲೆ ಹೊರೆ ಇರುವವರು ಪಕ್ಕಕ್ಕೆ ಸರಿಯಲಾರರು, ಸರಿದರೆ ಹೊರೆ ವಾಲುತ್ತದೆ. ಹಿಂದಿನಿಂದ ಬಂದು ಗಂಟೆ ಬಾರಿಸಿ ಬೆಚ್ಚಿಬೀಳಿಸುವುದಕ್ಕಿಂತ ದೂರದಿಂದಲೇ ‘ಅಕ್ಕಾ, ಸೈಕಲ್ ಬಂತು’ ಎನ್ನುವುದು ಒಳ್ಳೆಯದು. ದನ ಬಂದರೆ ಮೋಟಾರ್ ಆರಿಸಿ, ಇಳಿದು, ಸೈಕಲ್ಲನ್ನು ನಿಮ್ಮ ಮತ್ತು ಅವುಗಳ ನಡುವೆ ಹಿಡಿದು ನಿಲ್ಲಿ. ಕರುವಿರುವ ಹಸುವಿನ ಜೊತೆ ಯಾವ ಚೌಕಾಸಿಯೂ ಬೇಡ.

ಉಣಗೋಲು ತೆಗೆದರೆ ಗಳುಗಳನ್ನು ಅದೇ ಕ್ರಮದಲ್ಲಿ ಮತ್ತೆ ಹಾಕಿ. ಒಂದು ಗಳು ಬಿಟ್ಟರೆ ಸಾಕು, ಸಂಜೆಯೊಳಗೆ ಯಾರದೋ ದನ ಯಾರದೋ ತೋಟದಲ್ಲಿ ಇರುತ್ತದೆ. ಆಮೇಲೆ ಆ ದಾರಿ ಸೈಕಲ್‌ನವರಿಗೆಲ್ಲ ಮುಚ್ಚಿದಂತೆ.

ನಾಯಿ ಅಟ್ಟಿಸಿಕೊಂಡು ಬಂದರೆ?

ನಿಂತುಬಿಡಿ. ಸೈಕಲ್ ಜೋರಾಗಿ ಓಡಿಸಿದರೆ ಅದಕ್ಕೆ ಆಟ. ನಿಂತು ಹೆಸರು ಕೇಳಿದರೆ ಮುಕ್ಕಾಲು ಪಾಲು ನಾಯಿಗಳಿಗೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ.

ಇಳಿಜಾರು ಕಂಡರೆ ಹೆದರಿಕೆಯಾಗುತ್ತದೆ. ಏನು ಮಾಡಲಿ?

ಹೆದರಿಕೆ ಇರಲಿ, ಒಳ್ಳೆಯದೇ. ಏರಿನಲ್ಲಿ ಮೋಟಾರ್ ಕಾಪಾಡುತ್ತದೆ, ಇಳಿಜಾರಿನಲ್ಲಿ ಅದರ ತೂಕವೇ ನಿಮ್ಮನ್ನು ತಳ್ಳುತ್ತದೆ. ಹತ್ತು ಕಿಲೋ ಹೆಚ್ಚಿನ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕು. ಸೀಟನ್ನು ನಾಲ್ಕು ಬೆರಳು ಇಳಿಸಿ, ಎರಡೂ ಪೆಡಲ್ ಸಮನಾಗಿ ಇಟ್ಟು ಎದ್ದು ನಿಂತು, ಸೊಂಟವನ್ನು ಹಿಂದಕ್ಕೆ ತಳ್ಳಿ. ಕಣ್ಣು ಮುಂದಿನ ಗಾಲಿಯ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ. ಕಲ್ಲನ್ನೇ ನೋಡುತ್ತಿದ್ದರೆ ಕಲ್ಲಿಗೇ ಹೋಗಿ ಗುದ್ದುತ್ತೀರಿ.

ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯಬೇಡಿ, ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ನೇರ ದಾರಿಯಲ್ಲಿ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಿ. ಈ ಆಟ ಶುರುವಾದ ಕಾಲದಿಂದಲೂ ಬ್ರೇಕಿನ ಬಿಸಿಯೇ ದೊಡ್ಡ ಕಥೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಹಳೆಯ ಸೈಕಲ್‌ಗಳ ಮೇಲೆ ಗುಡ್ಡ ಇಳಿಯುವ ಪಂದ್ಯ ನಡೆಸಿದವರು ಅದಕ್ಕೆ ‘ರಿಪ್ಯಾಕ್’ ಎಂದು ಹೆಸರಿಟ್ಟಿದ್ದು ಏಕೆಂದರೆ, ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕ್ ಅಡಗಿರುತ್ತಿದ್ದ ಹಿಂದಿನ ಗುಂಬದ ಗ್ರೀಸ್ ಎಲ್ಲ ಹೊಗೆಯಾಗಿ ಹೋಗಿ ಮತ್ತೆ ತುಂಬಬೇಕಾಗುತ್ತಿತ್ತು.

ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಅಪಾಯ, ತರಗೆಲೆ. ಬೂದಿಯಂತೆ ಹರಡಿರುವ ಎಲೆಯ ಕೆಳಗೆ ಕಲ್ಲಿದೆಯೋ ಬೇರಿದೆಯೋ ಕಾಣುವುದಿಲ್ಲ, ಬ್ರೇಕ್ ಹಿಡಿದರೆ ಗಾಲಿ ನಿಂತು ಸೈಕಲ್ ಮಾತ್ರ ಜಾರುತ್ತದೆ. ತೋಟದ ಗಡಿಯ ಅಗಳಗಳೂ ಎಲೆಯಲ್ಲಿ ಮುಚ್ಚಿಹೋಗಿರುತ್ತವೆ. ಆಳೆತ್ತರದ ಅಗಳಕ್ಕೆ ಸೈಕಲ್ ಸಮೇತ ಇಳಿದವರು ನಮ್ಮ ಗುಂಪಿನಲ್ಲಿ ಇಬ್ಬರಿದ್ದಾರೆ, ಒಬ್ಬ ನಾನು. ಹೆಲ್ಮೆಟ್ ಇತ್ತು, ಕೈಗವಸು ಇರಲಿಲ್ಲ. ಅಂಗೈಯಲ್ಲಿ ಜಂಬಿಟ್ಟಿಗೆಯ ಕೆಂಪು ಇನ್ನೂ ಒಂದು ಗೆರೆಯಾಗಿ ಉಳಿದಿದೆ.

ಮಳೆಗಾಲದಲ್ಲಿ ಓಡಿಸಬಹುದೇ?

ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ನಾನು ಓಡಿಸುವುದಿಲ್ಲ. ಸಣ್ಣ ಮಳೆಗೆ ಸೈಕಲ್ ಹೆದರುವುದಿಲ್ಲ, ಆದರೆ ನಮ್ಮದು ಸಣ್ಣ ಮಳೆಯ ಊರಲ್ಲ. ಪಾಚಿ ಕಟ್ಟಿದ ಕಲ್ಲು, ಕಾಲಿಗೆ ಉಂಬಳ (ಜಿಗಣೆ), ತುಂಬಿದ ಹಳ್ಳ. ಅದಕ್ಕಿಂತ ಹೆಚ್ಚಾಗಿ, ನೆನೆದ ದಾರಿಯಲ್ಲಿ ಟೈರು ಕೊರೆದ ಗೆರೆಯಲ್ಲೇ ನೀರು ಹರಿದು ಮರುವರ್ಷಕ್ಕೆ ಅದು ಕೊರಕಲಾಗುತ್ತದೆ. ಹೊಳೆ ದಾಟುವಾಗ ನೀರು ಗುಂಬದ ಮಟ್ಟಕ್ಕೆ ಬಂತೆಂದರೆ ಹೊತ್ತುಕೊಂಡು ಹೋಗಿ ಅಥವಾ ಹಿಂತಿರುಗಿ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪಂಪು ಬೇಡ. ಬಕೆಟ್, ಬ್ರಷ್, ಹಳೆಯ ಬಟ್ಟೆ ಸಾಕು.

ಉಣ್ಣೆ, ಮಂಗನ ಕಾಯಿಲೆ ಭಯವಿಲ್ಲವೇ?

ಇದೆ, ಇರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ, ಉಣ್ಣೆ ಎಂಬ ಹುಳು ಕಚ್ಚಿ ಹರಡುವ ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನಲ್ಲಿ ಇಂದಿಗೂ ಜೀವ ತೆಗೆಯುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಲ. ಸೈಕಲ್ಲಿಗೂ ಅದೇ ಒಳ್ಳೆಯ ಕಾಲ ಎಂಬುದೇ ಸಂಕಟ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ರಾಶಿಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ. ಮಂಗ ಸತ್ತ ಸುದ್ದಿ ಬಂದ ಬೆಟ್ಟಕ್ಕೆ ಆ ವರ್ಷ ಹೋಗಲೇಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಒಂದೆರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಕಾಡಿನ ದಾರಿಗೆ ಹೋಗಿದ್ದೆ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಪಂಕ್ಚರ್ ಆದರೆ?

ಗುಂಬದ ಮೋಟಾರಿನ ಹಿಂದಿನ ಗಾಲಿ ಬಿಚ್ಚುವುದು ರಗಳೆಯ ಕೆಲಸ. ವೈರಿನ ಕೊಂಡಿ ತೆಗೆಯಬೇಕು, 18ರ ಸ್ಪ್ಯಾನರ್ ಬೇಕು, ವಾಷರ್‌ಗಳ ಕ್ರಮ ನೆನಪಿರಬೇಕು. ಪೇಟೆಯ ಪಂಕ್ಚರ್ ಅಂಗಡಿಯವರು ವೈರ್ ಕಂಡೊಡನೆ ‘ಶೋರೂಮಿಗೆ ಒಯ್ಯಿರಿ’ ಎನ್ನುತ್ತಾರೆ. ಹಾಗಾಗಿ ಗಾಲಿ ಬಿಚ್ಚದೆಯೇ ತೇಪೆ ಹಾಕುವುದನ್ನು ಕಲಿಯಿರಿ: ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ, ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ತೂತಿರುವ ಕಡೆ ಮಾತ್ರ ಹೊರಗೆಳೆದು, ಉಜ್ಜಿ, ತೇಪೆ ಅಂಟಿಸಿ, ಒಳಗೆ ಸೇರಿಸಿ. ಟೈರಿನ ಒಳಮೈಯನ್ನು ಬೆರಳಾಡಿಸಿ ನೋಡಲು ಮರೆಯಬೇಡಿ, ಮುಳ್ಳು ಅಲ್ಲೇ ಇರುತ್ತದೆ. ನಮ್ಮಲ್ಲಿ ಬಿದಿರು ಮುಳ್ಳು, ಬಯಲುಸೀಮೆಯಲ್ಲಿ ಜಾಲಿ ಮತ್ತು ನೆಗ್ಗಿಲು. ನೆಗ್ಗಿಲು ಒಂದು ಸಿಕ್ಕಿತೆಂದರೆ ಇನ್ನೂ ನಾಲ್ಕು ಇರುತ್ತವೆ. ಗಾಳಿ ಕಾಲುದಾರಿಗೆ 28-30 ಪಿಎಸ್‌ಐ ಸಾಕು; ಅದಕ್ಕಿಂತ ಗಟ್ಟಿ ತುಂಬಿಸಿದರೆ ಬೇರಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ.

ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ?

ಸೈಕಲ್ ನಿಲ್ಲುವುದಿಲ್ಲ, 24 ಕಿಲೋ ತೂಕದ ಸಾದಾ ಸೈಕಲ್ ಆಗುತ್ತದೆ. ಸಮತಟ್ಟಿನಲ್ಲಿ ತುಳಿಯಬಹುದು, ಏರಿನಲ್ಲಿ ತಳ್ಳಬೇಕು. ನಮ್ಮ ಕಡೆ ಯಾವ ಮನೆಯ ಅಂಗಳಕ್ಕೆ ಹೋದರೂ ಮೊದಲು ಬೆಲ್ಲ-ನೀರು ಬರುತ್ತದೆ, ಆಮೇಲೆ ಪ್ರಶ್ನೆ ಬರುತ್ತದೆ. ಚಾರ್ಜರ್ ಚೀಲದಲ್ಲಿದ್ದರೆ ಒಂದು ತಾಸು ಹಾಕಿಕೊಳ್ಳಬಹುದು. ಆದರೆ ಆ ಒಂದು ತಾಸಿನಲ್ಲಿ ನಿಮ್ಮ ಮೂರು ತಲೆಮಾರಿನ ನೆಂಟಸ್ತಿಕೆ ಹೊರಬಿದ್ದಿರುತ್ತದೆ. ಮೊಬೈಲ್ ಸಿಗ್ನಲ್ ನಂಬಬೇಡಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಯಾವ ಕಡೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೊರಡಿ.

ವಿಮಾನದಲ್ಲಿ ಒಯ್ಯಬಹುದೇ?

ಬ್ಯಾಟರಿಯನ್ನು ಒಯ್ಯುವಂತಿಲ್ಲ. ಪ್ರಯಾಣಿಕರು 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿ ತರಬಾರದೆಂದು ನಿಯಮ, ಸೈಕಲ್ಲಿನದು ಅದರ ಎರಡರಷ್ಟಕ್ಕಿಂತ ಹೆಚ್ಚು. ಕಾರಿನ ಹಿಂದೆ ಕಟ್ಟುವುದಾದರೆ ಬ್ಯಾಟರಿ ತೆಗೆದು ಕಾರಿನೊಳಗೆ ಇಡಿ, ಬಿಸಿಲಿನಲ್ಲಿ ಗಾಜು ಮುಚ್ಚಿ ಬಿಟ್ಟುಹೋಗಬೇಡಿ.

ನನಗೂ ಒಮ್ಮೆ ಓಡಿಸಲು ಕೊಡುತ್ತೀರಾ?

ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಪಂಚೆಯಾದರೆ ಎತ್ತಿ ಕಟ್ಟಿ, ಸರಪಳಿಗೆ ಸಿಕ್ಕಿದ ಪಂಚೆ ಬಿಡಿಸಲು ನಮ್ಮಲ್ಲಿ ಸಲಕರಣೆಯಿಲ್ಲ. ಹೆಲ್ಮೆಟ್ ನನ್ನದೊಂದು ಹೆಚ್ಚಿಗೆ ಇದೆ. ಮೋಟಾರ್ ಒಂದನೇ ಮಟ್ಟದಲ್ಲಿ ಇಟ್ಟು ಕೊಡುತ್ತೇನೆ, ಗುಂಡಿ ಒತ್ತಿ ಐದಕ್ಕೆ ಏರಿಸಬೇಡಿ. ಮನೆಯ ಹಿಂದಿನ ಬ್ಯಾಣದಲ್ಲಿ ಮಾವಿನ ಮರದವರೆಗೆ ಹೋಗಿ ತಿರುಗಿ ಬನ್ನಿ. ಎಲ್ಲರೂ ಮರದ ಹತ್ತಿರ ಹೋಗುವವರೆಗೆ ಸುಮ್ಮನಿರುತ್ತಾರೆ, ಬರುವಾಗ ನಗುತ್ತಿರುತ್ತಾರೆ. ನಮ್ಮ ಪಕ್ಕದ ಮನೆಯ ಮಾವ, 68ರ ಪ್ರಾಯ, ಮರದ ಹತ್ತಿರ ಹೋದವರು ತಿರುಗಲೇ ಇಲ್ಲ. ಮುಕ್ಕಾಲು ತಾಸು ಬಿಟ್ಟು ಬೇರೆ ದಾರಿಯಿಂದ ಬಂದು, ‘ಆ ಕಡೆಯ ಕೆರೆಗೆ ನೀರು ಬಂದಿದೆ ನೋಡಿದೆಯಾ?’ ಎಂದು ಕೇಳಿದರು.